ಮೈಕಿನಲ್ಲಿ ಹುಟ್ಟಿದ ಮಗಳು

ಅಂದಾನಪ್ಪ ಸಾವಕಾರರು ಚೇತನಾಳನ್ನು ಮಗಳೆಂದು ಕರೆದದ್ದು ಸಾವಿರ ಜನರ ಎದುರಿಗೆ, ಅದೂ ಮೈಕಿನಲ್ಲಿ. ಮೈಕು ಅವಳದೇ. ದನಿ ಒಡೆಯದಂತೆ ಗುಂಡಿ ತಿರುಗಿಸುತ್ತ ಕೂತಿದ್ದವನು ಅವಳ ಜೊತೆಗಾರ, ಕಮತಗಿಯ ಸೌಂಡಿನ ಅಯೂಬ. ಹೀಗೆ ತನ್ನದೇ ಮೈಕಿನಲ್ಲಿ, ತನ್ನದೇ ಖರ್ಚಿನಲ್ಲಿ ಇನ್ನೊಬ್ಬರ ಮನೆಗೆ ಮಗಳಾಗಿ ಹುಟ್ಟಿದವಳು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು.

ಅವಳ ಕಸುಬನ್ನು ಮೊದಲು ಹೇಳಿಬಿಡಬೇಕು. ಮದುವೆ, ಬಸುರಿಯ ಕುಬುಸ, ತೊಟ್ಟಿಲು, ಹುಟ್ಟುಹಬ್ಬ, ಎಲ್ಲಿ ನಾಲ್ಕು ಮಂದಿ ಸೇರುತ್ತಾರೋ ಅಲ್ಲಿ ಮೈಕು ಹಿಡಿದು ಅವರನ್ನು ನಗಿಸುವುದು. ಬಸ್ಸಿನ ಕಂಡಕ್ಟರನ ದನಿ, ಸಾಲಿ ಮಾಸ್ತರರ ದನಿ, ಮುನಿಸಿಕೊಂಡ ಬೀಗಿತಿಯ ದನಿ ತೆಗೆಯುವುದು. ಮದುಮಕ್ಕಳನ್ನು ಎದುರುಬದುರು ನಿಲ್ಲಿಸಿ, ಒಡಪು ಹಾಕಿಸಿ, ಒಬ್ಬರ ಹೆಸರನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದು. ಅಂದಾನಪ್ಪನವರ ಸೊಸೆ ನಾಚಿ ನೆಲ ನೋಡುತ್ತ ನಿಂತಾಗ ಅವಳ ಕಿವಿಯಲ್ಲಿ "ಕಟಕ ರೊಟ್ಟಿಗೆ ಕೆನಿ ಮೊಸರ, ಅನಿಲಕುಮಾರ ನಮ್ಮವರ ಹೆಸರ" ಎಂದು ಉಸುರಿದವಳು ಚೇತನಾ. ಚಪ್ಪಾಳೆ ಬಿದ್ದದ್ದು ಸೊಸೆಗೆ. ಅದಕ್ಕೆ ಅವಳಿಗೆ ಬೇಸರವಿಲ್ಲ, ಕಸುಬೇ ಅಂಥದ್ದು. ಇಳಕಲ್ಲಿನ ನೇಕಾರರ ಮನೆಯ ಸೊಸೆ ಮೈಕು ಹಿಡಿದು ಊರೂರು ತಿರುಗುತ್ತಾಳೆ ಎಂದು ಆಡಿಕೊಂಡವರು ಕೂಡ ತಮ್ಮ ಮಗಳ ಕುಬುಸಕ್ಕೆ ಅವಳನ್ನೇ ಕರೆಯುತ್ತಿದ್ದರು.

ಅಂದಾನಪ್ಪನವರು ಹುನಗುಂದದ ಅಡತಿ ವ್ಯಾಪಾರಿ. ಸುತ್ತಲಿನ ಊರುಗಳ ಕಡಲೆ, ತೊಗರಿ ಅವರ ಅಂಗಡಿಯ ಕಟ್ಟೆಗೇ ಬಂದು ಬೀಳಬೇಕು. ಬಸವ ಜಯಂತಿಯಲ್ಲಿ ಕಾಯಕದ ಮೇಲೆ ಮಾತಾಡಲು ಅವರನ್ನು ಬಿಟ್ಟರೆ ಊರಲ್ಲಿ ಇನ್ನೊಬ್ಬರಿಲ್ಲ. ಆ ಜಯಂತಿಯ ವೇದಿಕೆಯಲ್ಲೇ ಚೇತನಾಳ ನಿರೂಪಣೆ ಕೇಳಿ, ಮೆಚ್ಚಿ, ಮಗನ ಮದುವೆಗೆ ಗೊತ್ತು ಮಾಡಿದರು. ಬಾಗಲಕೋಟೆಯ ನವನಗರದಲ್ಲಿ ಮಂಗಲ ಕಾರ್ಯಾಲಯ. ಅರಿಷಿಣದ ದಿನ ಒಂದು ಕಾರ್ಯಕ್ರಮ, ಅಕ್ಕಿಕಾಳು ಬೀಳುವ ಮದುವೆಯ ದಿನ ಇನ್ನೊಂದು. ಸೌಂಡು ಸೇರಿ ಇಪ್ಪತ್ತೈದು ಸಾವಿರ. ಅದರಲ್ಲಿ ಐದು ಮುಂಗಡ ಕೊಟ್ಟರು. ಮಾತಾದದ್ದೆಲ್ಲ ಫೋನಿನಲ್ಲಿ.

ಎರಡನೆಯ ದಿನದ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅವರು ವೇದಿಕೆ ಹತ್ತಿ ಅವಳ ಕೈಯಿಂದ ಮೈಕು ಇಸಿದುಕೊಂಡರು.

"ಇಕಿ ರೊಕ್ಕಕ್ಕ ಬಂದ ಕಲಾವಿದಿ ಅಂತ ಯಾರೂ ತಿಳೀಬ್ಯಾಡ್ರಿ. ಇವತ್ತಿನಿಂದ ಇಕಿ ನಮ್ಮ ಮನಿ ಮಗಳು!"

ಹಾಗೆಂದು ಅವಳ ಹೆಗಲಿಗೆ ಒಂದು ಇಳಕಲ್ ಸೀರೆ ಹೊದಿಸಿದರು. ಇಳಕಲ್ಲಿನವಳಿಗೆ ಇಳಕಲ್ ಸೀರೆ! ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈಗ ಹೇಳುವುದಕ್ಕೆ ನಗಬೇಡಿ: ಚೇತನಾಳ ಕಣ್ಣು ಒದ್ದೆಯಾಯಿತು. ಅವಳ ತವರು ಬೇವೂರು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಆ ಮನೆಗೆ ಬೀಗ ಬಿದ್ದಿತ್ತು. ಒಡಹುಟ್ಟಿದವರು ಯಾರೂ ಇರಲಿಲ್ಲ. ಮಗಳೇ ಎಂದು ಕರೆಯುವ ಒಂದು ಬಾಯಿಯೂ ಈ ಭೂಮಿಯ ಮೇಲೆ ಅವಳಿಗೆ ಉಳಿದಿರಲಿಲ್ಲ. ಆ ಶಬ್ದ ನೆಟ್ಟಗೆ ಎದೆಗೇ ತಾಗಿತು. ಮೈಕು ಮರೆತು, ಮಂದಿ ಮರೆತು, ಬಗ್ಗಿ ಅಂದಾನಪ್ಪನವರ ಕಾಲು ಮುಟ್ಟಿದಳು.

ಸಾಮಾನು ಟೆಂಪೋಗೆ ಏರಿಸಿ ಅಯೂಬ ಹಗ್ಗ ಬಿಗಿಯುತ್ತಿದ್ದಾಗ ಬಾಕಿ ಕೇಳಲು ಹೋದಳು.

"ಸಾವಕಾರ್ರ, ನಾವಿನ್ನ ಹೊಂಟೇವ್ರಿ. ಉಳಿದದ್ದು..."

"ಉಳಿದದ್ದು ಏನವಾ?"

"ರೊಕ್ಕಾರಿ."

ಅಂದಾನಪ್ಪ ಎರಡೂ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಮನಿ ಮಗಳ ಕೈಯಾಗ ಕೂಲಿ ಇಟ್ಟ ಕಳಸ್ಲೇನು? ಮಂದಿ ನನ್ನ ಮಾರಿಗೆ ಉಗಳಂಗಿಲ್ಲಾ?"

ಅವಳು ಚೇಷ್ಟೆ ಎಂದುಕೊಂಡು ನಕ್ಕಳು. ದಿನವಿಡೀ ಮಂದಿಯನ್ನು ನಗಿಸುವವರಿಗೆ ಇದೊಂದು ಕೆಟ್ಟ ಚಾಳಿ. ಯಾರೇ ಏನಂದರೂ ತಾವೇ ಮೊದಲು ನಕ್ಕುಬಿಡುತ್ತಾರೆ. ಅವರೂ ನಕ್ಕರು. ಅಷ್ಟರಲ್ಲಿ ಬೀಗರು ಕರೆದರೆಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಮೊದಮೊದಲು ಫೋನು ಎತ್ತುತ್ತಿದ್ದರು. "ಏನವಾ ಮಗಳ, ಆರಾಮೇನು? ಅಳಿಯಂದಿರು ಆರಾಮೇನು?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಬಾಕಿಯ ಮಾತು ಬಂದೊಡನೆ ಅವರ ಊರಿಗೇ ನೆಟ್‌ವರ್ಕ್ ಹೋಗುತ್ತಿತ್ತು. ಅಂಗಡಿಗೆ ಹೋದರೆ ಚಹಾ ತರಿಸುತ್ತಿದ್ದರು, ಚೀಲದ ಮೇಲೆ ಕೂತ ರೈತರಿಗೆ "ಇಕಿ ನಮ್ಮ ಮಗಳು" ಎಂದು ಗುರುತು ಹೇಳುತ್ತಿದ್ದರು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಮಗಳೇ ಎನ್ನುವವರ ಕೂಡ ಹೇಗೆ ಜಗಳ ತೆಗೆಯುವುದು? ಅವಳು ಬಾಯಿ ತೆರೆದಾಗಲೆಲ್ಲ ಆ ಒಂದು ಶಬ್ದ ತಂದು ಬಾಯಿಗೆ ಅಡ್ಡ ಇಡುತ್ತಿದ್ದರು. ಅಂದಾನಪ್ಪನಿಗೆ ನಾನು ಇಷ್ಟು ಹೊತ್ತು ಬಹುವಚನ ಕೊಟ್ಟದ್ದು ಸಾಕು; ಇನ್ನು ಮುಂದೆ ಕೊಡುವುದಿಲ್ಲ.

ಹುನಗುಂದದ ಕೋರ್ಟಿನ ಹತ್ತಿರ ಗುರುತಿನ ವಕೀಲರೊಬ್ಬರಿದ್ದರು. ಅವರ ಕಡೆ ಹೋದಳು. ಬರೆದುಕೊಂಡದ್ದು ಏನಾದರೂ ಉಂಟೇ ಎಂದು ಕೇಳಿದರು, ಇರಲಿಲ್ಲ. ನೋಟಿಸು ಕಳಿಸಬಹುದು ಎಂದರು, ತಮ್ಮ ಫೀ ಎಷ್ಟೆಂದೂ ಹೇಳಿದರು. ಕೆಲಸಕ್ಕಿಂತ ಮೊದಲೇ ಫೀ ತೆಗೆದುಕೊಳ್ಳುವ ಆ ಕಸುಬನ್ನು ನೋಡಿ ಚೇತನಾಳಿಗೆ ಹೊಟ್ಟೆಕಿಚ್ಚಾಯಿತು.

ಅಯೂಬ ಅವಳನ್ನು ತಂಗಿ ಎನ್ನುತ್ತಾನೆ. ಆದರೆ ಕಾರ್ಯಕ್ರಮದ ಮರುದಿನ ಲೆಕ್ಕ ಅಂದರೆ ಲೆಕ್ಕ: ಡೀಸೆಲ್ಲಿಗೆ ಇಷ್ಟು, ಹಮಾಲರಿಗೆ ಇಷ್ಟು, ನಿನಗೆ ಇಷ್ಟು, ನನಗೆ ಇಷ್ಟು. ಈ ಸಲ ಹಮಾಲರ ಕೂಲಿಯನ್ನು ಅವನೇ ಕೈಯಿಂದ ಕೊಟ್ಟಿದ್ದ. ತನ್ನ ಪಾಲು ಕೇಳಲಿಲ್ಲ. "ಬಿಡ ತಂಗಿ, ಹೋದದ್ದು ಹೋತು. ದೊಡ್ಡವರ ಕೂಡ ಎದಕ್ಕ ಹತ್ತತಿ" ಎಂದ. ಅವನು ಜಗಳವಾಡಿ ಕೇಳಿದ್ದರೆ ಅವಳಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಅವಳೂ ಬಿಟ್ಟುಬಿಡುತ್ತಿದ್ದಳೋ ಏನೋ. ಬದಾಮಿಯಿಂದ ಒಂದು ಫೋನು ಬಂದು ಎಲ್ಲ ಕೆಟ್ಟಿತು. ಅಲ್ಲಿ ಲಾಡ್ಜು ಇಟ್ಟುಕೊಂಡ ಒಬ್ಬರು ಮಗಳ ಕುಬುಸಕ್ಕೆ ಕರೆಯಲು ಮಾಡಿದ ಫೋನು ಅದು.

"ಅಂದಾನಪ್ಪನವರ ಮದುವಿಯೊಳಗ ನಿಮ್ಮನ್ನ ನೋಡೀವ್ರಿ. ಭಾಳ ಛಲೋ ಮಾಡಿದ್ರಿ. ಮತ್ತ ನೀವು ರೊಕ್ಕಾ ಮುಟ್ಟಂಗಿಲ್ಲಂತ, ಸೀರಿಗೆ ಮಾಡ್ತೀರಂತ, ಅವರ ಹೇಳಿದ್ರು. ನಾವು ರೇಷ್ಮಿ ಸೀರಿನ ಕೊಡ್ತೇವಿ, ಏನೂ ಕಾಳಜಿ ಮಾಡಬ್ಯಾಡ್ರಿ."

"ಇಲ್ಲರಿ, ನಾ ರೊಕ್ಕಕ್ಕ ಮಾಡಾಕಿ" ಎಂದಳು ಚೇತನಾ.

"ಹಂಗೇನ್ರಿ? ಅಷ್ಟ ದೊಡ್ಡವರ ಮನ್ಯಾಗ ಸೀರಿಗೆ ಮಾಡಿ ನಮಗ್ಯಾಕ ರೊಕ್ಕಾ ಕೇಳ್ತೀರಿ?" ಎಂದು ಆ ಮನುಷ್ಯ ಬೇಸರಪಟ್ಟು, ಮನೆಯಲ್ಲಿ ವಿಚಾರ ಮಾಡಿ ತಿಳಿಸುವುದಾಗಿ ಹೇಳಿ ಇಟ್ಟುಬಿಟ್ಟ.

ಚೇತನಾ ಅಡಿಗೆಮನೆಯ ಬಾಗಿಲಲ್ಲಿ ಹಾಗೇ ಕೂತಳು. ಹೋದದ್ದು ಬರೀ ಇಪ್ಪತ್ತು ಸಾವಿರವಲ್ಲ ಎಂದು ಅವಳಿಗೆ ಆಗ ತಿಳಿಯಿತು. ಹುನಗುಂದದಿಂದ ಬದಾಮಿಯತನಕ ಅವಳ ಬೆಲೆ ಒಂದು ಸೀರೆ ಎಂದು ಅಂದಾನಪ್ಪ ಡಂಗುರ ಹೊಡೆಸಿಬಿಟ್ಟಿದ್ದ. ಇದನ್ನು ಹೀಗೇ ಬಿಟ್ಟರೆ ಇನ್ನು ಮೇಲೆ ಎಲ್ಲರ ಮನೆಗೂ ಮಗಳಾಗಬೇಕು, ಎಲ್ಲರ ಸೀರೆಯನ್ನೂ ಉಡಬೇಕು, ಅಯೂಬನ ಟೆಂಪೋಗೆ ಡೀಸೆಲ್ಲಿನ ಬದಲು ಕಣ್ಣೀರು ಹಾಕಬೇಕು.

ಅತ್ತೆ ಶೇಖವ್ವ ರಾಟಿಯ ಮುಂದೆ ನೂಲು ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆಯ ನಾಲಿಗೆಗೆ ಹುರಿ ಜಾಸ್ತಿ.

"ಸೀರಿಗೆ ಮಾಡ್ತೀಯಂತ? ನಮ್ಮ ಮನ್ಯಾಗ ಸೀರಿಗೇನ ಬರ ಬಿದ್ದಿತ್ತೇನ, ಚೇತನಾ? ನಿನ್ನ ಗಂಡ ಸಂಜು ಹಗಲೆಲ್ಲಾ ಮಗ್ಗದ ಮುಂದ ನಿಂತು ಏನ ಮಾಡ್ತಾನ ಮತ್ತ?"

"ಅತ್ತಿ, ಸುಮ್ನಿರ್ರಿ. ಮದಲ ತಲಿ ಕೆಟ್ಟೈತಿ."

"ಯಾಕ ಸುಮ್ನಿರ್ಲಿ? ದೊಡ್ಡ ತವರ ಮನಿ ಸಿಕ್ಕೈತಿ ನಿನಗ. ಪಂಚಮಿ ಬಂತಲ್ಲ, ಹೋಗು. ಕರಿಯಾಕ ಕಾರ ಕಳಸ್ತಾನೇನೋ ನೋಡು ನಿಮ್ಮಪ್ಪ!"

ಹಂಗಿಸಲೆಂದೇ ಆಡಿದ ಮಾತು. ಚೇತನಾ ತಲೆ ಎತ್ತಿದಳು. ಮಂದಿಯ ಮುಂದೆ ಯಾವ ಮಾತು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎನ್ನುವುದು ಅವಳ ಹೊಟ್ಟೆಪಾಡು. ಇದು ಮಾಡುವ ಮಾತು.

ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಲ್ಲಿ ಎಷ್ಟೇ ಕೆಲಸವಿರಲಿ, ಮಗಳು ತವರಿಗೆ ಬರಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು, ನಾಗಪ್ಪನಿಗೆ ಹಾಲು ಎರೆಯಬೇಕು. ಆವತ್ತು ಬಂದ ಮಗಳನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಅತ್ತಿ, ಪಂಚಮಿಗೆ ನಾ ತವರಿಗೆ ಹೊಂಟೀನಿ" ಎಂದಳು.

ಶೇಖವ್ವನ ರಾಟಿ ನಿಂತಿತು. "ಹುಚ್ಚಿ, ನಾ ಚೇಷ್ಟಿಗೆ ಅಂದೆ!"

"ಅವರೂ ಚೇಷ್ಟಿಗೆ ಅಂದಿದ್ದಾರ. ನಾ ಅದನ್ನ ಖರೆ ಮಾಡ್ತೇನಿ."

ಶೇಖವ್ವ ಎದ್ದು ಶೇಂಗಾ ಉಂಡಿಯ ಡಬ್ಬಿ ತೆಗೆದಳು. "ಬರೇ ಕೈಲೆ ಹೋಗಬ್ಯಾಡ. ನೇಕಾರರ ಮನಿಯವರು ಖಾಲಿ ಕೈಲೆ ಬಂದ್ರು ಅನಬಾರದು" ಎಂದಳು.

ಪಂಚಮಿಯ ಬೆಳಿಗ್ಗೆ ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ಬಸ್ಸಿನ ತುಂಬ ತವರಿಗೆ ಹೊರಟ ಹೆಂಗಸರು, ಅವರ ಬ್ಯಾಗು, ಅವರ ಮಕ್ಕಳು. ಚೇತನಾ ಅದೇ ಸೀರೆ ಉಟ್ಟಿದ್ದಳು, ಅಂದಾನಪ್ಪ ಹೊದಿಸಿದ್ದು. ಪಕ್ಕದವಳು ಯಾವೂರು ತವರು ಎಂದು ಕೇಳಿದಳು. ಹುನಗುಂದ ಎಂದಳು ಚೇತನಾ, ಹೊಸಾ ತವರು ಎಂದೂ ಸೇರಿಸಿದಳು. ಹೇಳಿ ತಾನೇ ನಕ್ಕಳು. ಆದರೂ ಸಾವಿರ ಜನರ ಮುಂದೆ ಅಂಜದವಳು ಒಂದು ಮನೆಯ ಬಾಗಿಲು ಬಡಿಯಲು ಅಂಜುತ್ತಿದ್ದಳು.

ಬಾಗಿಲು ತೆರೆದವಳು ಅಂದಾನಪ್ಪನ ಹೆತ್ತ ಮಗಳು ನಾಗರತ್ನಾ. ಬಾಗಲಕೋಟೆಗೆ ಕೊಟ್ಟಿದ್ದರು, ಹಿಂದಿನ ದಿನವೇ ಹಬ್ಬಕ್ಕೆ ಬಂದಿದ್ದಳು.

"ಯಾರ ಬೇಕಾಗಿತ್ತರಿ?"

"ಅಕ್ಕಾ, ಗುರುತ ಹಿಡೀಲಿಲ್ಲಾ? ನಾ ನಿನ್ನ ತಂಗಿ."

ಗಾಬರಿಯಾಗಿದ್ದ ನಾಗರತ್ನಾ ಮುಖ ನೋಡಿ ನಕ್ಕುಬಿಟ್ಟಳು. "ಅಯ್ಯ, ಮೈಕಿನ ಚೇತನಾ! ಅಪ್ಪ ಅವತ್ತ ಅಂದದ್ದು ನೀ ಖರೆ ತಿಳಕೊಂಡಿ ಏನ?"

"ಹೂಂ. ಅಪ್ಪಾರು ಸುಳ್ಳ ಹೇಳ್ತಾರೇನು?"

ಒಳಗಿನಿಂದ ಅಂದಾನಪ್ಪನ ತಾಯಿ ಸಿದ್ದಲಿಂಗವ್ವ ಬಂದಳು. ಅವನ ಹೆಂಡತಿ ತೀರಿಕೊಂಡ ಮೇಲೆ ಆ ಮನೆ ನಡ ಬಗ್ಗಿದ ಈ ಮುದುಕಿಯ ಮಾತಿನ ಮೇಲೇ ನಡೆದಿತ್ತು. ಮೊಮ್ಮಗ ಹೊಸ ಹೆಂಡತಿಯ ತವರಿಗೆ ಹೋಗಿದ್ದ, ಮನೆ ಸಪ್ಪಗಿತ್ತು. ಹಾಗಾಗಿ ಬಂದವಳನ್ನು ನೋಡಿ ಮುದುಕಿಗೆ ಖುಷಿಯೇ ಆಯಿತು.

"ನಮ್ಮನ್ನ ಹೊಟ್ಟಿ ಹುಣ್ಣಾಗೂ ಹಂಗ ನಗಿಸಿದಾಕಿ ಅಲ್ಲೇನ ನೀ? ಬಾ ಯವ್ವಾ, ಕಾಲ ತೊಳಕೊ. ಹಾಲ ಎರಿಯೂ ಹೊತ್ತಾತು."

ಚೇತನಾ ಉಂಡಿಯ ಡಬ್ಬಿ ಕೊಟ್ಟು ಒಳಗೆ ಹೋದಳು. ಸೆರಗು ಸಿಕ್ಕಿಸಿ ಕೊಬ್ಬರಿ ಹೆರೆಯಲು ಕೂತಳು. ನಾಗರತ್ನಾ ಪಕ್ಕದಲ್ಲಿ ಬೆಲ್ಲ ಕುಟ್ಟುತ್ತಿದ್ದಳು. ಗಂಡ, ಮಕ್ಕಳು, ಬಾಗಲಕೋಟೆಯ ಸೆಕೆ ಎಲ್ಲ ಮಾತಾದ ಮೇಲೆ ಆಕೆಯ ದನಿ ಸಣ್ಣದಾಯಿತು.

"ಈ ಸಲ ಹಬ್ಬಕ್ಕ ಅಂತ ಅಷ್ಟ ಬಂದಿಲ್ಲ ನಾ. ನಾಳೆ ನೋಂದಣಿ ಕಚೇರಿಗೆ ಹೋಗೂದೈತಿ. ಹೊಲ, ಅಂಗಡಿ ಎಲ್ಲಾ ತಮ್ಮಗ ಬಿಟ್ಟೀನಿ ಅಂತ ಸಹಿ ಮಾಡಬೇಕಂತ. ಅಪ್ಪ ಹೊಸಾ ಸೀರಿ ತಂದಿಟ್ಟಾನ."

"ನಿಂಗ ಮನಸೈತೇನಕ್ಕಾ?"

"ಮನಸು ಕೇಳಿದವರ್ಯಾರು? ಮನಿ ಮಗಳು, ಬ್ಯಾಡ ಅಂತೀಯೇನು ಅಂದ. ಏನಂತ ಹೇಳ್ಲಿ?"

ಚೇತನಾಳ ಕೈ ನಿಂತಿತು. ಅದೇ ಶಬ್ದ, ಅದೇ ಸೀರೆ. ತನ್ನ ಮೇಲೆ ಆ ಮನುಷ್ಯ ಹೊಸದಾಗಿ ಏನನ್ನೂ ಹೂಡಿರಲಿಲ್ಲ. ಹೆತ್ತ ಮಗಳ ಮೇಲೆ ನಡೆಸುವುದನ್ನೇ ತನ್ನ ಮೇಲೂ ನಡೆಸಿದ್ದ. ಆದರೂ ಅದು ಅವರ ಮನೆಯ ಮಾತು. ತಾನು ಬಂದದ್ದು ತನ್ನ ಕೂಲಿಗೆ. ಅವಳು ಏನೂ ಹೇಳದೆ ಕೊಬ್ಬರಿ ಹೆರೆದಳು.

ಅಂಗಳದ ಕಟ್ಟೆಯ ಮೇಲೆ ಮಣ್ಣಿನ ನಾಗಪ್ಪನನ್ನು ಇಟ್ಟಿದ್ದರು. ಓಣಿಯ ಹೆಂಗಸರೂ ತಟ್ಟೆ ಹಿಡಿದು ಸೇರಿದ್ದರು. ಒಣಕೊಬ್ಬರಿಯ ಬಟ್ಟಲಲ್ಲಿ ಹಾಲು, ಬೆಲ್ಲ ಹಾಕಿಕೊಂಡು, ಹೂವಿನಿಂದ ಅದ್ದಿ ಹನಿ ಬಿಡುತ್ತ ಒಬ್ಬೊಬ್ಬರ ಹೆಸರಿನಲ್ಲೂ ಪಾಲು ಹೇಳುವುದು ನಮ್ಮಲ್ಲಿನ ಪದ್ಧತಿ. ಸಿದ್ದಲಿಂಗವ್ವ ಮೊದಲು ಎರೆದಳು: ದೇವರ ಪಾಲು, ಗುರುವಿನ ಪಾಲು, ಮಗನ ಪಾಲು, ಮೊಮ್ಮಗನ ಪಾಲು. ಹಿಂದೆಯೇ ನಾಗರತ್ನಾ ಎರೆದಳು. ಅಷ್ಟರಲ್ಲಿ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡ ಅಂದಾನಪ್ಪ ಹೊರಗೆ ಬಂದ. ಬಟ್ಟಲು ಹಿಡಿದು ನಿಂತವಳನ್ನು ನೋಡಿ ಅವನ ಕಾಲು ಅಲ್ಲೇ ನಿಂತವು.

"ಏನವಾ ಚೇತನಾ... ನೀ ಇಲ್ಲೆಲ್ಲಿ?"

"ಪಂಚಮಿ ಅಲ್ಲೇನ್ರಿ, ಅಪ್ಪಾರ. ಮಗಳು ಮತ್ತೆಲ್ಲಿಗೆ ಹೋಗ್ಲಿ?"

ಓಣಿಯ ಹೆಂಗಸರು ಕಿಸಕ್ಕನೆ ನಕ್ಕರು. ಅಂದಾನಪ್ಪ ಕಷ್ಟಪಟ್ಟು ನಕ್ಕ. ಚೇತನಾ ಹೂವು ಅದ್ದಿದಳು. ಮಂಗಲ ಕಾರ್ಯಾಲಯದ ಹಿಂದಿನ ಸಾಲಿಗೆ ಮೈಕಿಲ್ಲದೆ ಮುಟ್ಟುವ ಅವಳ ದನಿ ಓಣಿಯ ಆ ತುದಿಗೂ ಕೇಳಿತು.

"ಅಪ್ಪಾರ ಪಾಲು. ಅಜ್ಜಿಯ ಪಾಲು. ಅಕ್ಕನ ಪಾಲು. ಸೌಂಡಿನ ಅಯೂಬಣ್ಣನ ಪಾಲು. ಇನ್ನ ನನ್ನ ಪಾಲು." ಹೂವು ಹಿಡಿದೇ ಅವನ ಕಡೆ ತಿರುಗಿದಳು. "ಅಪ್ಪಾರ, ನನ್ನ ಪಾಲು ಎಷ್ಟರಿ?"

ಎಲ್ಲರೂ ಮತ್ತೆ ನಕ್ಕರು, ಅಂದಾನಪ್ಪ ಎಲ್ಲರಿಗಿಂತ ಜೋರಾಗಿ. "ನಿನ್ನ ಬಾಯಿಗೆ ಯಾರ ಸರಿ ಬರ್ತಾರವಾ!"

ಈ ಸಲ ಚೇತನಾ ನಗಲಿಲ್ಲ. ನಗದೆ ನಿಲ್ಲುವುದು ಅವಳಿಗೆ ಎಷ್ಟು ಕಷ್ಟ ಎಂದು ಅವಳ ಕಸುಬಿನವರಿಗಷ್ಟೇ ಗೊತ್ತು. ಒಬ್ಬೊಬ್ಬರದಾಗಿ ನಗು ನಿಂತು, ಅಂದಾನಪ್ಪನದೊಂದೇ ಉಳಿದು, ಕೊನೆಗೆ ಅದೂ ನಿಂತಿತು.

"ಇದು ನಗೂ ಮಾತಲ್ಲರಿ. ಹೊಲ ಅದಾವ, ಅಡತಿ ಐತಿ, ಈ ಮನಿ ಐತಿ. ಈಗ ಹೆಣ್ಣಮಕ್ಕಳಿಗೂ ಗಂಡಮಕ್ಕಳ ಸರಿಸಮ ಪಾಲೈತಿ. ನಾ ಮಗಳು ಅಂತ ನೀವು ಅಂದದ್ದನ್ನ ಸಾವಿರ ಮಂದಿ ಕೇಳ್ಯಾರ. ಹಂಗಿದ್ರ ಪಾಲು ಕೊಡ್ರಿ. ಇಲ್ಲಾ, ಮಗಳಲ್ಲ ಅಂತ ಹೇಳಿ ನನ್ನ ಕೆಲಸದ ರೊಕ್ಕಾ ಕೊಡ್ರಿ. ಎರಡರಾಗ ಒಂದು. ಎರಡೂ ಇಲ್ಲದ ಮಗಳಾಗಾಕ ನಾ ಬಂದಿಲ್ಲ."

"ಒಳಗ ಬಾ. ಕುಂತ ಮಾತಾಡೂಣು" ಎಂದ ಅಂದಾನಪ್ಪ, ಹಲ್ಲು ಕಚ್ಚಿ.

"ಮಗಳನ್ನ ಮಾಡಿದ್ದು ಒಳಗಲ್ಲಲ್ರಿ."

"ಹಬ್ಬದ ದಿನ ಬಾಗಲಕ್ಕ ಬಂದು ರಂಪ ಮಾಡಬ್ಯಾಡ. ಐದ ಸಾವಿರ ಕೊಡ್ತೇನಿ, ತಗೊಂಡ ನಡಿ."

"ಪೂರಾ ಇಪ್ಪತ್ತು. ನೀವ ಫೋನಿನ್ಯಾಗ ಒಪ್ಪಿದ್ದು."

ಅಂದಾನಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಅಂಥಾದ್ದೇನ ಗುಡ್ಡ ಕಡದಿ ನೀ? ನಾಕ ಮಾತ ಆಡಿದಿ, ಮಂದಿನ್ನ ನಗಿಸಿದಿ. ಅದೂ ಒಂದ ಕೆಲಸಾ? ಅದಕ್ಕೊಂದ ಕೂಲಿ ಬ್ಯಾರೆ!"

ಅದು ಅವಳಿಗೆ ನಾಟಿತು. ಕೈಯಲ್ಲಿದ್ದ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ಜಯಂತ್ಯಾಗ ನೀವು ಕಾಯಕದ ಮ್ಯಾಲೆ ಭಾಷಣಾ ಮಾಡಿದ್ರಲ್ಲ, ಆಗ ನಿರೂಪಣಾ ಮಾಡಿದಾಕಿ ನಾನ. ಅವತ್ತ ಯಾವ ಕಾಯಕಾನೂ ಸಣ್ಣದಿರಲಿಲ್ಲ. ನಿಮ್ಮ ಸೊಸಿ ಬಾಯಾಗ ಒಡಪು ಹುಟ್ಟಿಸಿದ್ದು ಕೆಲಸಾ. ಬೀಗರು ಬಡಸೂದ ತಡಾ ಆತು ಅಂತ ಮುನದ ಕುಂತಾಗ ಅವರನ್ನ ನಗಿಸಿ ಎಬ್ಬಿಸಿದ್ದು ಕೆಲಸಾ. ಬ್ಯಾಡಾಗಿದ್ರ ಕರೀಬಾರದಿತ್ತು. ಕರದ ಮ್ಯಾಲೆ ಕೊಡಬೇಕು."

ಆಗ ಕಟ್ಟೆಯ ಮೇಲಿಂದ ಸಿದ್ದಲಿಂಗವ್ವನ ದನಿ ಬಂತು. "ಅಂದಾನೀ, ಇಕಿದು ಕೊಟ್ಟೇ ಇಲ್ಲೇನೋ? ಅವತ್ತ ರಾತ್ರೀನ ಕೊಟ್ಟ ಕಳಸೀನಿ ಅಂದ್ಯಲ್ಲೋ ನನ್ನ ಮುಂದ?"

ಅಂದಾನಪ್ಪ ತಾಯಿಯನ್ನು ನೋಡಲಿಲ್ಲ. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಸಂಜೆಯೊಳಗೆ ಊರಿನ ಪ್ರತಿ ಜೋಕಾಲಿಯ ಮೇಲೂ ಕೂತು ಜೀಕುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ, ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತಾಗಿತ್ತು.

ಅವನು ಒಳಗೆ ಹೋಗಿ ತಿಜೋರಿ ತೆಗೆದ ಸಪ್ಪಳ ಹೊರಗೆ ಕೇಳಿತು. ಬಂದು ನೋಟಿನ ಕಟ್ಟನ್ನು ಅವಳ ಕೈಗೆ ತುರುಕಿದ.

"ತಗೋ. ಆತಿಲ್ಲೊ?"

"ಇನ್ನೊಂದ ಮಾತು ಉಳದೈತ್ರಿ. ಬದಾಮಿತನಕಾ ನಾ ಸೀರಿಗೆ ಕುಣಿಯಾಕಿ ಅಂತ ಸುದ್ದಿ ಹಬ್ಬಿಸೀರಿ. ಅದನ್ನ ಇವರ ಮುಂದ ಬಿಡಸಿ ಹೇಳ್ರಿ."

"ಇಕಿ ನಮ್ಮ ಮನಿ ಮಗಳಲ್ಲ!" ಎಂದು ಅಂದಾನಪ್ಪ ಕೂಗಿದ. "ಕೂಲಿಗೆ ಬಂದಾಕಿ. ಕೂಲಿ ಕೊಟ್ಟೀನಿ. ಕೇಳಿದ್ರೇನು ಎಲ್ಲಾರೂ?"

ಕೇಳಿದರು. ಅವಳೇ ಹಟ ಹಿಡಿದು ಹೇಳಿಸಿದ ಮಾತದು, ಆದರೂ ಕೇಳಿದಾಗ ಎಲ್ಲೋ ಒಳಗೆ ಚುರ್ ಎಂದಿತು. ಅಪ್ಪ ಎಂಬ ಶಬ್ದ ಈ ಒಂದು ಬೆಳಿಗ್ಗೆ ಅವಳ ಬಾಯಲ್ಲಿ ಓಡಾಡಿತ್ತು. ನಾಟಕವೆಂದು ಗೊತ್ತಿದ್ದೂ ರುಚಿ ಹತ್ತಿತ್ತು. ಅದು ಅಲ್ಲಿಗೆ ಮುಗಿಯಿತು. ಅವಳು ಕಟ್ಟೆಯ ಅಂಚಿಗೆ ಕೂತು, ಎಲ್ಲರೂ ನೋಡುತ್ತಿದ್ದಂತೆ ನೋಟು ಎಣಿಸಿದಳು. ಸಂಕೋಚಪಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎಣಿಸಿ, ಅಯೂಬನ ಪಾಲು ಬೇರೆ ಮಡಚಿ, ಬ್ಯಾಗಿನಲ್ಲಿ ಇಟ್ಟುಕೊಂಡಳು.

"ಸರಿ ಅದಾವ್ರಿ, ಸಾವಕಾರ್ರ. ಬದಾಮಿಯವರಿಗೆ ನಾನ ಫೋನ ಮಾಡ್ತೇನಿ. ಅವರಿಗೆ ಇಪ್ಪತ್ತೈದು ಸಾವಿರ, ಪೂರಾ ಮುಂಗಡ" ಎಂದು ಸಿದ್ದಲಿಂಗವ್ವನ ಕಾಲು ಮುಟ್ಟಿ ಬ್ಯಾಗು ಹೆಗಲಿಗೇರಿಸಿದಳು.

"ಅಪ್ಪಾ" ಎಂದಳು ನಾಗರತ್ನಾ.

ಇಷ್ಟು ಹೊತ್ತು ಆಕೆ ಬಟ್ಟಲು ಹಿಡಿದು ಮೂಲೆಯಲ್ಲಿ ನಿಂತೇ ಇದ್ದಳು. ಯಾರೂ ಆಕೆಯ ಕಡೆ ನೋಡಿರಲಿಲ್ಲ.

"ಇಕಿ ಮಗಳಲ್ಲ ಅಂದಿ, ಇಕಿದು ಕೊಟ್ಟಿ. ಛಲೋ ಆತು. ನಾ ಮಗಳು ಹೌದಲ್ಲ?"

"ಇದೇನ ಹುಚ್ಚ ಪ್ರಶ್ನೆ, ನಾಗೀ?"

"ಹಂಗಾರ ನಾಳೆ ನಾ ಕಚೇರಿಗೆ ಬರಂಗಿಲ್ಲ. ಸಹಿ ಮಾಡಂಗಿಲ್ಲ. ಮಗಳಲ್ಲದಾಕಿಗೆ ಕೇಳಿದ್ದು ಸಿಕ್ತು. ಮಗಳಾದಾಕಿಗೆ ಬರೇ ಸೀರಿ ಅಂದ್ರ, ಅದೆಲ್ಲಿ ನ್ಯಾಯಪ್ಪಾ?"

ಅಡತಿಯ ಕಟ್ಟೆಯ ಮೇಲೆ ಊರಿನ ರೈತರನ್ನೆಲ್ಲ ಒಂದು ಮಾತಿನಲ್ಲಿ ಸುಮ್ಮನಾಗಿಸುವ ಮನುಷ್ಯ ತನ್ನ ಅಂಗಳದಲ್ಲಿ ಮಾತಿಗೆ ತಡಕಾಡಿದ. ಕೊನೆಗೆ ಸಿಟ್ಟೆಲ್ಲ ಚೇತನಾಳ ಮೇಲೆ ಹೊರಳಿತು.

"ನೀ ಇನ್ನ ಇಲ್ಲೇ ನಿಂತೀಯೇನು? ನಡಿ ಮದಲ! ಇದು ಮನಿ ಮಾತು, ಹೊರಗಿನವರು ಹೊಂಡ್ರಿ!"

ಚೇತನಾ ಓಣಿಯ ಕಡೆ ತಿರುಗಿದ್ದಳು. ನಾಗರತ್ನಾ ಮುಂದೆ ಬಂದು ಅವಳ ಮುಂಗೈ ಹಿಡಿದಳು.

"ಇಕಿ ಎಲ್ಲಿಗೂ ಹೋಗಂಗಿಲ್ಲ. ನಿನಗ ಮಗಳಲ್ಲ, ಖರೆ. ನನಗ ತಂಗಿ. ಪಂಚಮಿಗೆ ಬಂದಾಕಿನ್ನ ಉಣಿಸದ ಕಳಸಂಗಿಲ್ಲ ನಾನು."

ಪಾಲು ಕೊಡಲು ಸಂಜೆಯ ಬಸ್ಸಿಗೆ ಕಮತಗಿಗೆ ಬರುತ್ತೇನೆಂದು ಅಯೂಬನಿಗೆ ಫೋನು ಮಾಡಿದರಾಯಿತು ಎಂದುಕೊಂಡು, ಚೇತನಾ ಬ್ಯಾಗನ್ನು ಅಂಗಳದಲ್ಲಿ, ಎಲ್ಲರಿಗೂ ಕಾಣುವಂತೆ, ಕೆಳಗಿಟ್ಟಳು.